ಗಣಿತದ ಅಧ್ಯಾಪಕರು ಗ್ರಂಥಪಾಲಕರಾದ ಬಗೆ: ಎಸ್. ಆರ್. ರಂಗನಾಥನ್

1917ರಲ್ಲಿ ಮಂಗಳೂರಿನ ಸರಕಾರಿ ಕಾಲೇಜಿಗೆ ಗಣಿತದ ಅಧ್ಯಾಪಕರಾಗಿ ತಂಜಾವೂರು ಸೀಮೆಯ ಇಪ್ಪತ್ತೈದರ ತರುಣರೊಬ್ಬರು ಬಂದರು. ಕಾಸರಗೋಡು ಆಗ ದಕ್ಷಿಣ ಕನ್ನಡ ಜಿಲ್ಲೆಯದೇ ಒಂದು ತಾಲೂಕು, ಮಂಗಳೂರು ಅದರ ಜಿಲ್ಲಾ ಕೇಂದ್ರ. ಇಂದು ಹಂಪನಕಟ್ಟೆಯಲ್ಲಿ ವಿಶ್ವವಿದ್ಯಾನಿಲಯ ಕಾಲೇಜೆಂಬ ಹೆಸರಿನಿಂದ ನಿಂತಿರುವ ಆ ವಿದ್ಯಾಲಯದಲ್ಲಿ ಈ ತರುಣರು ಸುಮಾರು ಮೂರು ವರ್ಷ ಪಾಠ ಹೇಳಿದರು. ಮುಂದೆ ಕೊಯಮತ್ತೂರಿಗೆ, ಅಲ್ಲಿಂದ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋದರು. ನಮ್ಮ ತಾಳವಾಡಿಯೂ ಆಗ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ತಾನು ಸಾಯುವವರೆಗೂ ಗಣಿತವನ್ನೇ ಕಲಿಸಿಕೊಂಡಿರುವೆನೆಂದು ಅವರು ಆ ದಿನಗಳಲ್ಲಿ ನಂಬಿದ್ದರೆ ಅದರಲ್ಲಿ ಆಶ್ಚರ್ಯವಿರಲಿಲ್ಲ. ಇಂದು ಜಗತ್ತಿನಲ್ಲಿ ಗ್ರಂಥಾಲಯ ವಿಜ್ಞಾನವನ್ನು ಬೋಧಿಸುವ ಕಡೆಗಳಲ್ಲೆಲ್ಲ ಕೇಳಿಬರುವ ಶಿಯಾಳಿ ರಾಮಾಮೃತ ರಂಗನಾಥನ್ ಎಂಬ ಹೆಸರು ಅವರದೇ.

ಮಕ್ಕಳು ಹತ್ತನೆಯ ತರಗತಿ ಮುಗಿಸಿದ ಕೂಡಲೇ ಮುಂದೇನು ಎಂಬ ಮಾತು ಪ್ರತಿ ಮನೆಯಲ್ಲೂ ಏಳುತ್ತದೆ. ಕನ್ನಡ ಮಾಧ್ಯಮದಲ್ಲಿ ಕಲಿತ ಮಗು, ಅದೂ ರಾಜ್ಯದ ಭಾಷೆ ಬೇರೆಯಾಗಿರುವ ಗಡಿನಾಡಿನ ಮಗುವಾದರೆ, ಆ ಪ್ರಶ್ನೆಗೆ ತೂಕ ಇನ್ನಷ್ಟು ಹೆಚ್ಚು. ಆ ಮಾತಿನ ನಡುವೆ ಗ್ರಂಥಪಾಲಕ ವೃತ್ತಿಯ ಹೆಸರು ಬರುವುದೇ ಅಪರೂಪ; ಬಂದರೂ ಬೇರೇನೂ ದೊರೆಯದಿದ್ದರೆ ಇದಾದರೂ ಇರಲಿ ಎಂಬ ಧಾಟಿಯಲ್ಲಿ ಬರುತ್ತದೆ. ರಂಗನಾಥನ್ನರಿಗೂ ಆ ಕೆಲಸ ಮೊದಲಲ್ಲಿ ಹಾಗೆಯೇ ಕಂಡಿತ್ತು. ಅವರ ಜೀವನವನ್ನು ಇಲ್ಲಿ ನೆನೆಯಲು ಅದೂ ಒಂದು ಕಾರಣ.

ಅವರು ಹುಟ್ಟಿದ್ದು 1892ರ ಆಗಸ್ಟ್ ತಿಂಗಳಲ್ಲಿ, ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ. ಇಂದಿನ ಸೀರ್ಕಾಳಿಯೇ ಅದು. ಜನ್ಮದಿನವನ್ನು ಕೆಲವು ಕಡೆ 9 ಎಂದೂ ಕೆಲವು ಕಡೆ 12 ಎಂದೂ ಬರೆದಿರುತ್ತಾರೆ. ನಮ್ಮ ದೇಶದಲ್ಲಿ ಗ್ರಂಥಪಾಲಕರ ದಿನವನ್ನು ಆಚರಿಸುವುದು ಆಗಸ್ಟ್ 12ರಂದು. ತಂದೆ ರಾಮಾಮೃತ ಅಯ್ಯರ್ ಸಾಧಾರಣ ಜಮೀನುದಾರರು. ಮಗನಿಗೆ ಆರು ವರ್ಷವಾಗಿದ್ದಾಗಲೇ ತೀರಿಕೊಂಡರು. ಅವರಿಗೆ ಆಗಿನ್ನೂ ಮೂವತ್ತರ ಆಸುಪಾಸು. ತಾಯಿ ಸೀತಾಲಕ್ಷ್ಮಿ ಮತ್ತು ಶಾಲಾ ಉಪಾಧ್ಯಾಯರಾಗಿದ್ದ ಅಜ್ಜನ ಆಸರೆಯಲ್ಲಿ ಹುಡುಗ ಬೆಳೆದ. ಮಾತಿನಲ್ಲಿ ತೊದಲು ಇತ್ತು. ಅಧ್ಯಾಪಕನಾಗಲು ಹೊರಟವನಿಗೆ ಅದಕ್ಕಿಂತ ದೊಡ್ಡ ತೊಡಕು ಬೇರೆ ಏನಿದ್ದೀತು? ಪಟ್ಟು ಹಿಡಿದು ಅದನ್ನು ಹದ್ದಿಗೆ ತಂದುಕೊಂಡ.

ಊರಿನ ಹಿಂದೂ ಹೈಸ್ಕೂಲಿನ ಓದು ಮುಗಿದ ಮೇಲೆ ಮದ್ರಾಸ್ ಕ್ರಿಶ್ಚಿಯನ್ ಕಾಲೇಜು ಸೇರಿದರು. 1913ರಲ್ಲಿ ಬಿ.ಎ., 1916ರಲ್ಲಿ ಗಣಿತದ ಎಂ.ಎ. ಪದವಿ ಬಂತು. ಅಲ್ಲಿ ಗಣಿತ ಕಲಿಸುತ್ತಿದ್ದ ಎಡ್ವರ್ಡ್ ರಾಸ್ ಎಂಬ ಗುರುವಿನೊಡನೆ ಅವರಿಗಿದ್ದ ಬಾಂಧವ್ಯ ಕೊನೆಯವರೆಗೂ ಸಡಿಲಲಿಲ್ಲ. ಆ ಗುರುವಿನ ಪಾತ್ರ ಈ ಕಥೆಯಲ್ಲಿ ಇನ್ನೊಮ್ಮೆ ಬರಲಿದೆ. ಆ ಬಳಿಕ ಸೈದಾಪೇಟೆಯ ಅಧ್ಯಾಪಕರ ಕಾಲೇಜಿನಲ್ಲಿ ಎಲ್.ಟಿ. ತರಬೇತಿ ಪಡೆದು ಮಂಗಳೂರಿಗೆ ಬಂದರು. ಅಧ್ಯಾಪಕ ವೃತ್ತಿ ಅವರಿಗೆ ಒಗ್ಗಿತು. ಮದರಾಸಿನ ಅಧ್ಯಾಪಕರ ಸಂಘದಲ್ಲಿ ಗಣಿತ ಮತ್ತು ವಿಜ್ಞಾನ ವಿಭಾಗದ ಕಾರ್ಯದರ್ಶಿಯಾಗಿಯೂ ದುಡಿದರು. ಒಗ್ಗದೆ ಇದ್ದುದು ಸಂಬಳ ಮಾತ್ರ.

1923ರ ಸುಮಾರಿಗೆ ಮದ್ರಾಸ್ ವಿಶ್ವವಿದ್ಯಾನಿಲಯವು ತನ್ನ ಅವ್ಯವಸ್ಥಿತ ಗ್ರಂಥಾಲಯಕ್ಕೆ ಒಬ್ಬ ಗ್ರಂಥಪಾಲಕನನ್ನು ನೇಮಿಸಿಕೊಳ್ಳಲು ಅರ್ಜಿ ಕರೆಯಿತು. ಸುಮಾರು ಒಂಬೈನೂರು ಅರ್ಜಿಗಳು ಬಂದವೆಂದು ಹೇಳುತ್ತಾರೆ. ಅವರಲ್ಲಿ ಗ್ರಂಥಾಲಯದ ಕೆಲಸವನ್ನು ಕ್ರಮವಾಗಿ ಕಲಿತವರು ಒಬ್ಬರೂ ಇರಲಿಲ್ಲ. ಕಲಿಸುವ ವ್ಯವಸ್ಥೆಯೇ ಅಪರೂಪವಾಗಿರುವಾಗ ಕಲಿತವರು ಎಲ್ಲಿಂದ ಬರಬೇಕು? ಅಭ್ಯರ್ಥಿಗೆ ಸಂಶೋಧನೆಯ ಹಿನ್ನೆಲೆ ಇರಬೇಕೆಂಬುದು ಆಯ್ಕೆ ಮಾಡುವವರ ಅಪೇಕ್ಷೆ. ರಂಗನಾಥನ್ನರು ಗಣಿತದಲ್ಲಿ ಕೆಲವು ಲೇಖನಗಳನ್ನು ಪ್ರಕಟಿಸಿದ್ದರು. ಗ್ರಂಥಾಲಯದ ಬಗ್ಗೆ ಅವರಿಗಿದ್ದ ತಿಳಿವಳಿಕೆಯಾದರೋ ಸಂದರ್ಶನಕ್ಕೆ ಕೆಲವು ದಿನ ಮೊದಲು ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದಲ್ಲಿ ಓದಿಕೊಂಡ ಒಂದು ಲೇಖನದಷ್ಟೇ. ಅಷ್ಟರಿಂದಲೇ ಕೆಲಸ ಸಿಕ್ಕಿತು. 1924ರ ಜನವರಿಯಲ್ಲಿ ಅವರು ಅಧಿಕಾರ ವಹಿಸಿಕೊಂಡರು.

ಕೆಲವೇ ದಿನಗಳಲ್ಲಿ ಬೇಸರ ಹತ್ತಿತು. ತರಗತಿಯ ಗಲಗಲ, ಕರಿಹಲಗೆಯ ಮುಂದೆ ನಿಂತು ಲೆಕ್ಕ ಬಿಡಿಸುವ ಉತ್ಸಾಹ, ಅರ್ಥವಾಯಿತೆಂಬ ಹೊಳಪು ಹುಡುಗರ ಕಣ್ಣಲ್ಲಿ ಮೂಡುವ ಕ್ಷಣ, ಇವು ಯಾವುವೂ ಇಲ್ಲಿರಲಿಲ್ಲ. ಓದುಗರು ವಿರಳ, ಸುತ್ತ ಮುಚ್ಚಿದ ಕಪಾಟುಗಳು, ಮಾತಾಡಲು ಜನವಿಲ್ಲ. ಆ ಏಕಾಂತ ಸಹಿಸಲಾಗದೆ ಅವರು ಹಳೆಯ ಹುದ್ದೆಯನ್ನು ಮರಳಿ ಕೊಡಿಸಿರೆಂದು ಮೇಲಿನವರನ್ನು ಬೇಡಿಕೊಂಡರು. ಕೊನೆಗೆ ಒಂದು ಒಪ್ಪಂದವಾಯಿತು. ಹೇಗೂ ಇಂಗ್ಲೆಂಡಿಗೆ ಹೋಗಿ ಗ್ರಂಥಾಲಯದ ಕೆಲಸ ಕಲಿತು ಬರಬೇಕಾಗಿದೆ. ಹೋಗಿ ನೋಡಿ ಬರಲಿ, ಬಂದ ಮೇಲೂ ಈ ಕೆಲಸ ಬೇಡವೆನಿಸಿದರೆ ಗಣಿತದ ಹುದ್ದೆ ಅವರದೇ.

ಇಲ್ಲಿ ಸ್ವಲ್ಪ ನಿಲ್ಲಬೇಕೆನಿಸುತ್ತದೆ. ಬೇಡವೆಂದು ಬಂದವನಿಗೆ ಹಿಂದಿರುಗುವ ಬಾಗಿಲನ್ನು ಮುಚ್ಚದೆ, ಕೆಲಸದ ಪೂರ್ಣರೂಪವನ್ನು ಮೊದಲು ನೋಡಿ ಬಾ ಎಂದು ಕಳುಹಿಸಿದ ಹಿರಿಯರ ವಿವೇಕವನ್ನು ಚರಿತ್ರೆ ಅಷ್ಟಾಗಿ ಲೆಕ್ಕಕ್ಕೆ ಹಿಡಿದಿಲ್ಲ. ಮಗನೋ ಮಗಳೋ ಆರಿಸಿಕೊಂಡ ಓದು ಒಂದು ತಿಂಗಳಿಗೇ ಬೇಸರವಾಯಿತೆಂದು ಬಂದಾಗ ತಂದೆತಾಯಂದಿರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ: ಗದರಿಸಿ ಹಿಂದಕ್ಕೆ ಅಟ್ಟುತ್ತಾರೆ, ಇಲ್ಲವೇ ಕೂಡಲೇ ಬಿಡಿಸುತ್ತಾರೆ. ಮದರಾಸಿನ ಆ ಹಿರಿಯರು ಇವೆರಡನ್ನೂ ಮಾಡಲಿಲ್ಲ.

1924ರ ಸೆಪ್ಟೆಂಬರಿನಲ್ಲಿ ರಂಗನಾಥನ್ನರು ಲಂಡನ್ನಿಗೆ ಹೋಗಿ ಯೂನಿವರ್ಸಿಟಿ ಕಾಲೇಜಿನ ಗ್ರಂಥಾಲಯ ಶಾಲೆಯನ್ನು ಸೇರಿದರು. ವರ್ಗೀಕರಣದ ಪಾಠ ಹೇಳುತ್ತಿದ್ದವರು ಬರ್ವಿಕ್ ಸೇಯರ್ಸ್. ಅವರು ಲಂಡನ್ನಿಗೆ ತಾಗಿದ ಕ್ರಾಯ್ಡನ್ ಪಟ್ಟಣದ ಸಾರ್ವಜನಿಕ ಗ್ರಂಥಾಲಯದ ಮುಖ್ಯಸ್ಥರೂ ಹೌದು. ಈ ಶಿಷ್ಯನ ಒಲವನ್ನು ಗುರುತಿಸಿ ಅವರು ತಮ್ಮ ಗ್ರಂಥಾಲಯದಲ್ಲೇ ಕೆಲಸ ಕಲಿಯಲು ಅವಕಾಶ ಮಾಡಿಕೊಟ್ಟರು. ಪರೀಕ್ಷೆಯಲ್ಲಿ ರಂಗನಾಥನ್ನರದು ಸಾಧಾರಣಕ್ಕಿಂತ ತುಸು ಮೇಲಿನ ಸಾಧನೆ ಮಾತ್ರ. ಅವರ ಮನಸ್ಸನ್ನು ತಿರುಗಿಸಿದ್ದು ತಿರುಗಾಟ. ಬ್ರಿಟನ್ನಿನ ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಅವರು ನೋಡಿದರು. ಅಲ್ಲಿ ಮಕ್ಕಳು ಬರುತ್ತಿದ್ದರು, ಕಾರ್ಮಿಕರು ಬರುತ್ತಿದ್ದರು, ಮನೆವಾರ್ತೆ ನೋಡಿಕೊಳ್ಳುವ ಹೆಂಗಸರು ಬರುತ್ತಿದ್ದರು. ಪುಸ್ತಕ ಕೊಡುವವನು ಕಾವಲುಗಾರನಾಗಿರದೆ, ಬಂದವರ ಮನಸ್ಸನ್ನು ಅರಿತು ನೆರವಾಗುವವನಾಗಿದ್ದ. ಗಣಿತದ ತರಗತಿಯಲ್ಲಿ ತಾವು ಮಾಡುತ್ತಿದ್ದುದನ್ನೇ ಇವರು ಒಂದು ಊರಿಗೇ ಮಾಡುತ್ತಿದ್ದಾರೆಂಬುದು ರಂಗನಾಥನ್ನರಿಗೆ ಅಲ್ಲಿ ಅರಿವಿಗೆ ಬಂತು. ಗಣಿತದ ಹುದ್ದೆಯ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಆದರೆ ಒಂದು ವಿಷಯ ಅವರಿಗೆ ಒಪ್ಪಿಗೆಯಾಗಲಿಲ್ಲ. ಒಂದೊಂದು ಗ್ರಂಥಾಲಯದಲ್ಲೂ ಪುಸ್ತಕಗಳನ್ನು ಜೋಡಿಸುವ ರೀತಿ ಬೇರೆ ಬೇರೆಯಾಗಿತ್ತು. ಹೆಚ್ಚು ಬಳಕೆಯಲ್ಲಿದ್ದುದು ಅಮೆರಿಕದ ಮೆಲ್ವಿಲ್ ಡ್ಯೂಯಿ ರೂಪಿಸಿದ ದಶಮಾಂಶ ಪದ್ಧತಿ. ಅದರಲ್ಲಿ ಜಗತ್ತಿನ ವಿಷಯಗಳನ್ನೆಲ್ಲ ಮೊದಲೇ ಪಟ್ಟಿ ಮಾಡಿ ಒಂದೊಂದಕ್ಕೂ ಸಂಖ್ಯೆ ಕೊಟ್ಟಿರುತ್ತದೆ. ಪಟ್ಟಿಯಲ್ಲಿಲ್ಲದ ಹೊಸ ವಿಷಯ ಹುಟ್ಟಿದರೆ ಅದನ್ನು ಎಲ್ಲಾದರೂ ತುರುಕಬೇಕು. ಪಟ್ಟಿಯನ್ನು ಮಾಡಿದವರ ದೃಷ್ಟಿ ಎಲ್ಲಿ ನೆಟ್ಟಿತ್ತೆಂಬುದೂ ಸಂಖ್ಯೆಗಳಲ್ಲೇ ಕಾಣುತ್ತದೆ: ಇಂಗ್ಲಿಷ್ ಸಾಹಿತ್ಯಕ್ಕೆ 820 ಎಂಬ ಇಡೀ ಅಂಗಳವಿದ್ದರೆ, ಕನ್ನಡ ಸಾಹಿತ್ಯವನ್ನು ಹುಡುಕಿಕೊಂಡು ಹೋಗಬೇಕಾದುದು ಇತರ ಭಾಷೆಗಳ ಗುಂಪಿನೊಳಗಿನ ಗುಂಪಿನಲ್ಲಿ, 894.814ರವರೆಗೆ.

ಲಂಡನ್ನಿನ ಸೆಲ್ಫ್‌ರಿಜ್ ಎಂಬ ದೊಡ್ಡ ಅಂಗಡಿಯಲ್ಲಿ ಒಂದು ದಿನ ಅವರು ಮೆಕ್ಯಾನೋ ಎಂಬ ಆಟಿಕೆಯನ್ನು ಕಂಡರು. ತೂತುಗಳಿರುವ ಲೋಹದ ಪಟ್ಟಿಗಳು, ಚಕ್ರಗಳು, ನಟ್ಟುಬೋಲ್ಟುಗಳು. ಇಷ್ಟೇ ಸಾಮಾನಿನಿಂದ ಅಂಗಡಿಯವನು ಒಂದೊಂದು ಸಲ ಒಂದೊಂದು ಆಟಿಕೆಯನ್ನು ಕಟ್ಟಿ ಬಿಚ್ಚಿ ತೋರಿಸುತ್ತಿದ್ದ. ಆಟಿಕೆಗಳನ್ನು ಮೊದಲೇ ಮಾಡಿಡದೆ ಬಿಡಿಭಾಗಗಳನ್ನಷ್ಟೇ ಇಟ್ಟುಕೊಂಡರೆ ಬೇಕಾದುದನ್ನು ಬೇಕಾದಾಗ ಕಟ್ಟಬಹುದಲ್ಲವೇ? ಸಂಖ್ಯೆಗಳನ್ನೂ ಹಾಗೆಯೇ ಕಟ್ಟಬಾರದೇಕೆ? ಗಣಿತದ ತಲೆಗೆ ಹೊಳೆದ ವಿಚಾರವಿದು. 1925ರಲ್ಲಿ ಊರಿಗೆ ಮರಳುವ ಹಡಗಿನಲ್ಲೇ ಅವರು ಅದನ್ನು ಹಿಗ್ಗಿಸುತ್ತ, ಹಡಗಿನ ಗ್ರಂಥಾಲಯದ ಪುಸ್ತಕಗಳ ಮೇಲೆ ಅದನ್ನು ಪರೀಕ್ಷಿಸಿ ನೋಡಿದರಂತೆ.

ಆ ಪದ್ಧತಿ 1933ರಲ್ಲಿ ಕೋಲನ್ ವರ್ಗೀಕರಣವೆಂಬ ಹೆಸರಿನಿಂದ ಪುಸ್ತಕರೂಪದಲ್ಲಿ ಬಂತು. ಬಿಡಿಭಾಗಗಳನ್ನು ಜೋಡಿಸುವ ನಟ್ಟುಬೋಲ್ಟಿನಂತೆ ಎರಡು ಚುಕ್ಕಿಯ ಚಿಹ್ನೆಯನ್ನು ಬಳಸಿದ್ದರಿಂದ ಆ ಹೆಸರು. ಕನ್ನಡದಲ್ಲಿ ದ್ವಿಬಿಂದು ವರ್ಗೀಕರಣವೆಂದೂ ಕರೆಯುತ್ತಾರೆ. ನಮ್ಮ ಕಡೆಯದೇ ಒಂದು ಉದಾಹರಣೆ ತೆಗೆದುಕೊಳ್ಳೋಣ. ಕಾಸರಗೋಡಿನ ಅಡಿಕೆ ತೋಟಗಳಲ್ಲಿ ಕೊಳೆರೋಗವನ್ನು ಹತೋಟಿಗೆ ತರುವ ಬಗೆಯನ್ನು ಕುರಿತು ಯಾರೋ ಒಂದು ಪುಸ್ತಕ ಬರೆದಿದ್ದಾರೆನ್ನಿ. ಅದನ್ನು ಕೃಷಿಯ ಕಪಾಟಿನಲ್ಲಿಡಬೇಕೇ, ಸಸ್ಯರೋಗಗಳ ಕಪಾಟಿನಲ್ಲಿಡಬೇಕೇ, ಕಾಸರಗೋಡಿನ ಪುಸ್ತಕಗಳ ಜೊತೆಗಿಡಬೇಕೇ? ರಂಗನಾಥನ್ನರು ವಿಷಯವನ್ನು ಬಿಡಿಸುವುದು ಹೀಗೆ: ಮೂಲ ವಿಷಯ ಕೃಷಿ, ಅದರೊಳಗೆ ಬೆಳೆ ಅಡಿಕೆ, ಅಡಿಕೆಯ ಸಮಸ್ಯೆ ರೋಗ, ರೋಗಕ್ಕೆ ಮಾಡುವ ಕ್ರಿಯೆ ಹತೋಟಿ, ಸ್ಥಳ ಕಾಸರಗೋಡು, ಕಾಲ ಇಂಥ ದಶಕ. ಒಂದೊಂದಕ್ಕೂ ಪ್ರತ್ಯೇಕವಾದ ಚಿಕ್ಕ ಪಟ್ಟಿಯಿದೆ. ಆಯಾ ಪಟ್ಟಿಯಿಂದ ಗುರುತನ್ನು ತೆಗೆದು ಕ್ರಮವಾಗಿ ಪೋಣಿಸಿದರೆ ಪುಸ್ತಕದ ಸಂಖ್ಯೆ ಸಿದ್ಧ. ನಾಳೆ ತಾಳವಾಡಿಯ ಅರಿಸಿನದ ಬಗ್ಗೆ ಬರೆದ ಪುಸ್ತಕ ಬಂದರೆ ಬೆಳೆಯ ಗುರುತು ಮತ್ತು ಸ್ಥಳದ ಗುರುತು ಬದಲಾದರೆ ಸಾಕು, ಪಟ್ಟಿಯನ್ನು ತಿದ್ದುವ ಅಗತ್ಯವಿಲ್ಲ. ಮುಂದೆ ಅವರು ಈ ಮುಖಗಳನ್ನೆಲ್ಲ ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮೂಲ ವರ್ಗಗಳಿಗೆ ಇಳಿಸಿದರು. ನಮ್ಮ ದರ್ಶನಶಾಸ್ತ್ರಗಳ ಪರಿಚಯವುಳ್ಳವರಿಗೆ ದ್ರವ್ಯ, ದೇಶ, ಕಾಲಗಳು ಅಪರಿಚಿತವೆನಿಸವು.

ಈ ಪದ್ಧತಿ ಎಲ್ಲೆಡೆ ಗೆದ್ದಿತೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಭಾರತದಲ್ಲೇ ಹೆಚ್ಚಿನ ಗ್ರಂಥಾಲಯಗಳು ಇಂದಿಗೂ ಡ್ಯೂಯಿಯ ಸಂಖ್ಯೆಗಳನ್ನು ಬಳಸುತ್ತವೆ. ಕೋಲನ್ ಸಂಖ್ಯೆಗಳು ಉದ್ದವಾಗಿ ತೊಡಕಾಗುತ್ತವೆಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಅದರ ಹಿಂದಿನ ವಿಚಾರ ಮಾತ್ರ ಗೆದ್ದಿತು. ಬ್ರಿಟನ್ನಿನ ವರ್ಗೀಕರಣ ತಜ್ಞರು 1950ರ ದಶಕದಲ್ಲಿ ಅದನ್ನು ಕೈಗೆತ್ತಿಕೊಂಡು ಬೆಳೆಸಿದರು. ಇಂದು ಫೋನಿನಲ್ಲಿ ಬಟ್ಟೆ ಕೊಳ್ಳುವಾಗ ಅಳತೆ, ಬಣ್ಣ, ಬೆಲೆಗಳನ್ನು ಒಂದೊಂದಾಗಿ ಒತ್ತಿ ಬೇಕಾದುದನ್ನು ಶೋಧಿಸುತ್ತೇವಲ್ಲ, ವಸ್ತುವೊಂದನ್ನು ಅದರ ಬೇರೆ ಬೇರೆ ಮುಖಗಳಿಂದ ಹಿಡಿಯುವ ಆ ರೀತಿಗೂ ರಂಗನಾಥನ್ನರ ಯೋಚನೆಗೂ ಹತ್ತಿರದ ನಂಟಿದೆ.

ಮದರಾಸಿಗೆ ಮರಳಿದ ಮೇಲೆ ಅವರು ಕೆಲಸಕ್ಕಿಳಿದ ಬಗೆ ಬೇರೆ. ಕಪಾಟುಗಳ ನಡುವೆ ಓದುಗರು ತಾವೇ ಓಡಾಡಿ ಪುಸ್ತಕ ಆರಿಸಿಕೊಳ್ಳುವಂತೆ ಬಾಗಿಲು ತೆರೆದರು. ಗ್ರಂಥಾಲಯ ತೆರೆದಿರುವ ಹೊತ್ತನ್ನು ಹೆಚ್ಚಿಸಿದರು. ಓದುಗ ಬಂದಾಗ ಅವನ ಜೊತೆ ಮಾತಾಡಿ, ಅವನು ಕೇಳುವುದರ ಹಿಂದೆ ಅವನಿಗೆ ನಿಜವಾಗಿ ಬೇಕಾದುದು ಏನೆಂಬುದನ್ನು ಕಂಡುಕೊಳ್ಳುವ ಸಿಬ್ಬಂದಿಯನ್ನು ಬೆಳೆಸಿದರು. ದಿನಕ್ಕೆ ಹದಿಮೂರು ಗಂಟೆ, ವಾರದ ಏಳು ದಿನವೂ ಅವರು ಅಲ್ಲೇ ಇರುತ್ತಿದ್ದರೆಂದೂ ಇಪ್ಪತ್ತು ವರ್ಷ ರಜೆಯನ್ನೇ ಪಡೆಯಲಿಲ್ಲವೆಂದೂ ಹೇಳುತ್ತಾರೆ. ಇದನ್ನು ಮಾದರಿಯೆಂದು ಮಕ್ಕಳ ಮುಂದಿಡುವುದು ನನಗೆ ಸರಿಕಾಣದು. ಇಂಥ ದುಡಿಮೆಗೆ ಮನೆಯವರೂ ಬೆಲೆ ತೆತ್ತಿರುತ್ತಾರೆ. 1928ರಲ್ಲಿ ಅವರ ಪತ್ನಿ ರುಕ್ಮಿಣಿಯವರು ದೇವಾಲಯದ ಕೊಳದಲ್ಲಿ ಸಂಭವಿಸಿದ ಅವಘಡದಲ್ಲಿ ತೀರಿಕೊಂಡರು. ಮರುವರ್ಷ ಶಾರದಾ ಅವರನ್ನು ವಿವಾಹವಾದರು.

ಅದೇ 1928ರಲ್ಲಿ ಅವರ ಹೆಸರನ್ನು ಶಾಶ್ವತಗೊಳಿಸಿದ ವಿಚಾರವೂ ಮೂಡಿತು. ಭೌತವಿಜ್ಞಾನಕ್ಕೆ ನಿಯಮಗಳಿರುವಂತೆ ಗ್ರಂಥಾಲಯದ ನೂರೆಂಟು ಕೆಲಸಗಳ ಹಿಂದೆಯೂ ಕೆಲವೇ ಮೂಲಸೂತ್ರಗಳಿರಬೇಕೆಂದು ಅವರು ತಿಣುಕುತ್ತಿದ್ದರು. ಮೊದಲ ಸೂತ್ರ ಮಾತಿಗೆ ಸಿಗುತ್ತಿರಲಿಲ್ಲ. ಒಂದು ಸಂಜೆ ಹಳೆಯ ಗುರು ರಾಸ್ ಅವರು ಬಂದರು. ಶಿಷ್ಯನ ತಳಮಳವನ್ನು ಕೇಳಿ, ಪುಸ್ತಕವಿರುವುದು ಉಪಯೋಗಕ್ಕೆಂಬುದೇ ತಾನೆ ನಿನ್ನ ಮನಸ್ಸಿನಲ್ಲಿರುವುದು ಎಂಬ ಅರ್ಥದ ಮಾತನ್ನು ಸಹಜವಾಗಿ ಆಡಿದರು. ಮೊದಲನೆಯದು ಸಿಕ್ಕಿದ ಮೇಲೆ ಉಳಿದವು ಸಾಲಾಗಿ ಬಂದವು. ಓದುವ ಪ್ರತಿಯೊಬ್ಬನಿಗೂ ಅವನಿಗೆ ತಕ್ಕ ಪುಸ್ತಕ ದೊರೆಯಬೇಕು. ಕಪಾಟಿನಲ್ಲಿರುವ ಪ್ರತಿಯೊಂದು ಪುಸ್ತಕವೂ ತನಗೆ ತಕ್ಕ ಓದುಗನನ್ನು ಸೇರಬೇಕು. ಓದುಗನ ಹೊತ್ತು ವ್ಯರ್ಥವಾಗಬಾರದು. ಇನ್ನು ಗ್ರಂಥಾಲಯವೆಂಬುದು ಬೆಳೆಯುತ್ತಿರುವ ಜೀವ, ಅದನ್ನು ಹಾಗೆಂದೇ ತಿಳಿದು ನೋಡಿಕೊಳ್ಳಬೇಕು. ಈ ಪಂಚಸೂತ್ರಗಳನ್ನು ವಿವರಿಸುವ ಅವರ ಗ್ರಂಥ 1931ರಲ್ಲಿ ಪ್ರಕಟವಾಯಿತು.

ಓದುವಾಗ ಇವು ತೀರ ಸರಳವೆನಿಸುತ್ತವೆ. ಗಡಿನಾಡಿನಲ್ಲಿ ನಿಂತು ನೋಡಿದರೆ ಹಾಗಲ್ಲ. ಓದುವ ಪ್ರತಿಯೊಬ್ಬನಿಗೂ ಎಂದ ಮೇಲೆ ಅದರಲ್ಲಿ ಕಾಸರಗೋಡಿನ ಕನ್ನಡ ಶಾಲೆಯ ನಾಲ್ಕನೆಯ ತರಗತಿಯ ಹುಡುಗಿಯೂ ಸೇರಿದಳು, ಜತ್ತದ ರೈತನೂ ಸೇರಿದ, ಆದವಾನಿಯ ವ್ಯಾಪಾರಿಯೂ ಸೇರಿದ. ಅವರಿಗೆ ತಕ್ಕ ಪುಸ್ತಕ ಎಂದರೆ ಅವರಿಗೆ ತಿಳಿಯುವ ಭಾಷೆಯ ಪುಸ್ತಕ. ಕಪಾಟಿನ ತುದಿಯಲ್ಲಿ ಪಟ್ಟಿಯಾಗದೆ ಬಿದ್ದಿರುವ ಕನ್ನಡ ಪುಸ್ತಕಕ್ಕೂ ಅದರ ಓದುಗನನ್ನು ಹುಡುಕಿಕೊಡುವುದು ಗ್ರಂಥಪಾಲಕನ ಹೊಣೆ. ಆ ಭಾಷೆಯ ಲಿಪಿಯನ್ನೇ ಓದಲಾರದವನು ಆ ಹೊಣೆಯನ್ನು ಹೇಗೆ ಹೊತ್ತಾನು? ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮಲೆಯಾಳವನ್ನೋ ತಮಿಳನ್ನೋ ತೆಲುಗನ್ನೋ ಮರಾಠಿಯನ್ನೋ ಕೇಳಿ ಬೆಳೆದು, ಎರಡು ಲಿಪಿಗಳನ್ನು ಓದಬಲ್ಲ ನಮ್ಮ ಮಕ್ಕಳು ಈ ವೃತ್ತಿಗೆ ಹೋದರೆ ಅವರ ಕೈಯಲ್ಲಿ ಇತರರಿಗಿಲ್ಲದ ಒಂದು ಸಲಕರಣೆ ಇರುತ್ತದೆ. ಯಾವುದೇ ವಿಷಯದಲ್ಲಿ ಪದವಿ ಮುಗಿಸಿದ ಮೇಲೆ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದ ಬಿ.ಲಿಬ್. ತರಗತಿಯನ್ನೂ ಆ ಮೇಲೆ ಎಂ.ಲಿಬ್. ತರಗತಿಯನ್ನೂ ಸೇರಬಹುದು. ಗಣಿತವೋ ಇತಿಹಾಸವೋ ಕನ್ನಡವೋ, ಮೊದಲ ಪದವಿಯ ಓದು ಇಲ್ಲಿ ಹಾಳಾಗುವುದಿಲ್ಲ.

ತರಬೇತಿಯ ದಾರಿಯನ್ನು ನಮ್ಮ ನಾಡಿನಲ್ಲಿ ಅಗಲ ಮಾಡಿದವರಲ್ಲಿ ರಂಗನಾಥನ್ನರೇ ಪ್ರಮುಖರು. 1928ರಲ್ಲಿ ಮದರಾಸು ಗ್ರಂಥಾಲಯ ಸಂಘ ಹುಟ್ಟಿತು. 1929ರಲ್ಲಿ ಆ ಸಂಘದ ಬೇಸಿಗೆ ಶಾಲೆ ಆರಂಭವಾಯಿತು. ಎರಡು ವರ್ಷದ ಬಳಿಕ ಅದನ್ನು ವಿಶ್ವವಿದ್ಯಾನಿಲಯವೇ ವಹಿಸಿಕೊಂಡಿತು. ತನಗೆ ಸಂದರ್ಶನದ ಹೊತ್ತಿಗೆ ಒಂದು ಲೇಖನವಷ್ಟೇ ಆಧಾರವಾಗಿತ್ತು, ಮುಂದೆ ಬರುವವರಿಗೆ ಹಾಗಾಗಬಾರದೆಂಬ ಕಾಳಜಿ ಅದರ ಹಿಂದೆ ಇದ್ದಿರಬೇಕು. ಪಟ್ಟಣದ ಗ್ರಂಥಾಲಯಕ್ಕೆ ಬರಲಾಗದ ಹಳ್ಳಿಗರ ಯೋಚನೆಯೂ ಅವರಿಗಿತ್ತು. ಅವರಿಂದ ಸ್ಫೂರ್ತಿ ಪಡೆದು 1931ರಲ್ಲಿ ಮನ್ನಾರ್‌ಗುಡಿಯ ಬಳಿ ಎತ್ತಿನ ಗಾಡಿಯ ಗ್ರಂಥಾಲಯವೊಂದು ಹೊರಟಿತು. ಪುಸ್ತಕಗಳನ್ನು ತುಂಬಿದ ಗಾಡಿ ಊರೂರು ಸುತ್ತಿ ಬರುತ್ತಿತ್ತು.

ಆದರೆ ಒಬ್ಬರ ಉತ್ಸಾಹದಿಂದ ಹೊರಟ ಗಾಡಿ ಅವರ ಉತ್ಸಾಹ ಇರುವವರೆಗೆ ಮಾತ್ರ ನಡೆಯುತ್ತದೆ. ಗ್ರಂಥಾಲಯಕ್ಕೆ ಕಾನೂನಿನ ಬೆನ್ನೆಲುಬು ಬೇಕೆಂಬುದು ಅವರ ದೃಢವಾದ ನಿಲುವು. 1930ರಲ್ಲಿ ಕಾಶಿಯಲ್ಲಿ ನಡೆದ ಅಖಿಲ ಏಷ್ಯಾ ಶಿಕ್ಷಣ ಸಮ್ಮೇಳನದಲ್ಲಿ ಅವರು ಮಾದರಿ ಗ್ರಂಥಾಲಯ ಮಸೂದೆಯೊಂದನ್ನು ಮುಂದಿಟ್ಟರು. ಅದರ ಆಧಾರದ ಮೇಲೆ ಮದರಾಸು ಶಾಸನಸಭೆಯಲ್ಲಿ ನಡೆದ ಮೊದಲ ಯತ್ನ ಕೈಗೂಡಲಿಲ್ಲ. ಹದಿನೆಂಟು ವರ್ಷ ಕಾದ ಮೇಲೆ, 1948ರಲ್ಲಿ, ಮದರಾಸು ಸಾರ್ವಜನಿಕ ಗ್ರಂಥಾಲಯ ಕಾಯಿದೆ ಅಂಗೀಕಾರವಾಯಿತು. ಮನೆ ಮತ್ತು ಆಸ್ತಿ ತೆರಿಗೆಯ ಮೇಲೆ ಒಂದು ಸಣ್ಣ ಗ್ರಂಥಾಲಯ ಕರವನ್ನು ವಿಧಿಸಿ, ಜಿಲ್ಲೆಗೊಂದು ಪ್ರಾಧಿಕಾರದ ಮೂಲಕ ಊರುಗಳಿಗೆ ಪುಸ್ತಕ ತಲುಪಿಸುವುದು ಅದರ ತಿರುಳು. ಆ ಮದರಾಸು ಪ್ರಾಂತದ ಭೂಪಟವನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಕಾಸರಗೋಡು, ಮಲಬಾರಿನ ವಯನಾಡು, ನೀಲಗಿರಿ, ಹೊಸೂರು, ತಾಳವಾಡಿ, ಬಳ್ಳಾರಿ ಜಿಲ್ಲೆಯಲ್ಲಿದ್ದ ಆದವಾನಿ ಮತ್ತು ರಾಯದುರ್ಗ, ಅನಂತಪುರ ಜಿಲ್ಲೆಯ ಮಡಕಶಿರ, ಇವೆಲ್ಲವೂ ಆಗ ಅದರೊಳಗೇ ಇದ್ದವು. ಮುಂದೆ 1953ರಲ್ಲೂ 1956ರಲ್ಲೂ ಗಡಿಗಳು ಹೊಸದಾಗಿ ಎಳೆಯಲ್ಪಟ್ಟು ಈ ಊರುಗಳು ಬೇರೆ ಬೇರೆ ರಾಜ್ಯಗಳಿಗೆ ಹಂಚಿಹೋದವು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ದಾರಿ ಬೇರೆ. ಮಹಾರಾಷ್ಟ್ರದ ಗ್ರಂಥಾಲಯ ಕಾಯಿದೆ ಬಂದುದು 1967ರಲ್ಲಿ. ಇಂದು ನಮ್ಮ ಊರುಗಳಿರುವ ರಾಜ್ಯಗಳಲ್ಲೆಲ್ಲ ಇಂಥದೊಂದು ಕಾಯಿದೆ ಇದೆ. ಊರಿನ ಗ್ರಂಥಾಲಯದಲ್ಲಿ ಕನ್ನಡ ಪುಸ್ತಕ ಬೇಕೆಂದು ಕೇಳುವವರು ದಯೆಯನ್ನು ಬೇಡುವವರಲ್ಲ.

1945ರಲ್ಲಿ ಆಡಳಿತದೊಡನೆ ಹೊಂದಾಣಿಕೆಯಾಗದೆ ಅವರು ಮದರಾಸಿನ ಗ್ರಂಥಾಲಯವನ್ನು ಬಿಟ್ಟರು. ಸರ್ವಪಲ್ಲಿ ರಾಧಾಕೃಷ್ಣನ್ ಅವರು ಕುಲಪತಿಯಾಗಿದ್ದ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯ ಅವರನ್ನು ಬರಮಾಡಿಕೊಂಡಿತು. ಅಲ್ಲಿದ್ದ ಎರಡು ವರ್ಷಗಳಲ್ಲಿ ಒಂದು ಲಕ್ಷದಷ್ಟು ಪುಸ್ತಕಗಳನ್ನು ತಾವೇ ಕುಳಿತು ವರ್ಗೀಕರಿಸಿದರೆಂದು ಪ್ರತೀತಿ. 1947ರಲ್ಲಿ ದೆಹಲಿ ವಿಶ್ವವಿದ್ಯಾನಿಲಯಕ್ಕೆ ಹೋದರು. ಗ್ರಂಥಾಲಯ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿಯನ್ನೂ ಡಾಕ್ಟರೇಟನ್ನೂ ಪಡೆಯುವ ಏರ್ಪಾಟು ಅಲ್ಲಿ ಆಯಿತು. 1955ರಿಂದ ಎರಡು ವರ್ಷ ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿದ್ದು ಬರವಣಿಗೆಯಲ್ಲಿ ತೊಡಗಿದ್ದರು. 1957ರಲ್ಲಿ ಪದ್ಮಶ್ರೀ ಬಂತು. ಆ ಹೊತ್ತಿಗೆ ಮದ್ರಾಸ್ ವಿಶ್ವವಿದ್ಯಾನಿಲಯದಲ್ಲಿ ಗ್ರಂಥಾಲಯ ವಿಜ್ಞಾನದ ಪೀಠವೊಂದನ್ನು ಸ್ಥಾಪಿಸಲು ಅವರು ತಮ್ಮ ಉಳಿತಾಯದ ಒಂದು ಲಕ್ಷ ರೂಪಾಯಿಯನ್ನು ಕೊಟ್ಟಿದ್ದರು. ಪೀಠಕ್ಕೆ ಇಟ್ಟ ಹೆಸರು ಶಾರದಾ ರಂಗನಾಥನ್. ಬಿಟ್ಟುಬಂದ ಸಂಸ್ಥೆಗೇ ಬಾಳಿನ ಗಳಿಕೆಯನ್ನು ಕೊಟ್ಟದ್ದು, ಅದನ್ನು ಹೆಂಡತಿಯ ಹೆಸರಿನಲ್ಲಿ ಕೊಟ್ಟದ್ದು, ಎರಡೂ ಗಮನಿಸತಕ್ಕವು.

ಕೊನೆಯ ಹದಿನೈದು ವರ್ಷಗಳಿಗೆ ಅವರು ನೆಲೆಯಾಗಿ ಆರಿಸಿಕೊಂಡದ್ದು ಬೆಂಗಳೂರನ್ನು. ಕನ್ನಡನಾಡಿನ ಜೊತೆಗೆ ಮಂಗಳೂರಿನಲ್ಲಿ ಆರಂಭವಾದ ನಂಟು ಹೀಗೆ ಮರಳಿ ಕೂಡಿತು. 1961ರಲ್ಲಿ ಇಲ್ಲಿ ಶಾರದಾ ರಂಗನಾಥನ್ ದತ್ತಿಯನ್ನು ಸ್ಥಾಪಿಸಿದರು. 1962ರಲ್ಲಿ ಪಿ. ಸಿ. ಮಹಾಲನೋಬಿಸ್ ಅವರ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ ಬೆಂಗಳೂರಿನ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ ಆರಂಭವಾಯಿತು. ಎಪ್ಪತ್ತರ ಹೊಸ್ತಿಲಲ್ಲಿದ್ದ ರಂಗನಾಥನ್ನರು ಅದರ ಚಾಲಕಶಕ್ತಿ. ಡಿ.ಆರ್.ಟಿ.ಸಿ. ಎಂದು ವೃತ್ತಿಯವರೆಲ್ಲ ಕರೆಯುವ ಆ ಕೇಂದ್ರ ಇಂದಿಗೂ ಅಲ್ಲಿ ಸ್ನಾತಕೋತ್ತರ ತರಗತಿಗಳನ್ನು ನಡೆಸುತ್ತಿದೆ. 1965ರಲ್ಲಿ ಮೈಸೂರು ರಾಜ್ಯ ತನ್ನ ಸಾರ್ವಜನಿಕ ಗ್ರಂಥಾಲಯ ಕಾಯಿದೆಯನ್ನು ತಂದಾಗ ಅದರ ಕರಡಿನ ಹಿಂದೆಯೂ ಅವರ ಮಾರ್ಗದರ್ಶನವಿತ್ತು. ಅದೇ ವರ್ಷ ಭಾರತ ಸರಕಾರ ಅವರನ್ನು ಗ್ರಂಥಾಲಯ ವಿಜ್ಞಾನದ ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕರನ್ನಾಗಿ ನೇಮಿಸಿತು.

ಬಿಟ್ಟುಬಂದ ಗಣಿತ ಅವರನ್ನು ಪೂರ್ಣವಾಗಿ ಬಿಟ್ಟಿರಲಿಲ್ಲ. ತಮಗಿಂತ ಐದು ವರ್ಷ ಹಿರಿಯರಾಗಿದ್ದ ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರನ್ನು ಕುರಿತು ಬಲ್ಲವರಿಂದ ನೆನಪುಗಳನ್ನು ಕಲೆಹಾಕಿ, 1967ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದರು. 1972ರ ಸೆಪ್ಟೆಂಬರ್ 27ರಂದು, ಎಂಬತ್ತು ತುಂಬಿದ ಕೆಲವೇ ವಾರಗಳಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡರು. ಶಾರದಾ ಅವರು ಆ ಬಳಿಕವೂ ಹಲವು ವರ್ಷ ಬಾಳಿದರು. ಅವರ ಹೆಸರಿನ ದತ್ತಿಯ ಉಪನ್ಯಾಸಮಾಲೆಯೂ ಪ್ರಕಟಣೆಗಳೂ ರಂಗನಾಥನ್ನರ ಕಾಲಾನಂತರ ಮುಂದುವರಿದವು.